ಹೊರಗೆ ಫೈಬರ್, ಒಳಗೆ ಪೆನ್‌ಡ್ರೈವ್

ಶಿವಮೊಗ್ಗದ ವಿನೋಬನಗರವಾಗಲಿ ಗೋಪಾಳವಾಗಲಿ, ಭದ್ರಾವತಿಯ ಹೊಸಮನೆ, ಜನ್ನಾಪುರ, ಪೇಪರ್‌ಟೌನ್ ಆಗಲಿ, ಇವತ್ತು ಮನೆಗೆ ಇಂಟರ್‌ನೆಟ್ ಹಾಕಿಸುವುದು ದೊಡ್ಡ ಕೆಲಸವಲ್ಲ. ಕೇಬಲ್‌ನವರಿಗೆ ಹೇಳಿದರೆ ಕಂಬದಿಂದ ಕಪ್ಪು ವೈರೊಂದು ತಾರಸಿಗೆ ಇಳಿಯುತ್ತದೆ, ಹಾಲ್‌ನಲ್ಲಿ ಟಿವಿ ಪಕ್ಕ ಬಿಳಿ ಡಬ್ಬಿಯೊಂದು ಕೂರುತ್ತದೆ, ಸಂಜೆಯೊಳಗೆ ಸಿನಿಮಾ ಓಡುತ್ತದೆ. ಆದರೆ ಅದೇ ಮನೆಯಲ್ಲಿ ಅಪ್ಪನ ಡೆಸ್ಕ್‌ಟಾಪ್‌ನಲ್ಲಿರುವ ಫೋಟೊ ಮಹಡಿ ಮೇಲಿನ ಮಗಳ ಲ್ಯಾಪ್‌ಟಾಪಿಗೆ ಹೋಗಬೇಕೆಂದರೆ ಪೆನ್‌ಡ್ರೈವ್ ಹುಡುಕಾಟ ಶುರುವಾಗುತ್ತದೆ. ಅದು ಸಿಗದಿದ್ದರೆ ವಾಟ್ಸ್‌ಆ್ಯಪ್. ಹತ್ತು ಮೆಟ್ಟಿಲು ಹತ್ತಬೇಕಾಗಿದ್ದ ಚಿತ್ರ ಊರು ಬಿಟ್ಟು, ಯಾವುದೋ ಕಂಪನಿಯ ಸರ್ವರ್ ಮುಟ್ಟಿ, ಗಾತ್ರ ಕುಗ್ಗಿಸಿಕೊಂಡು ವಾಪಸು ಬರುತ್ತದೆ. ಹೊರಗಿನ ಸಂಪರ್ಕ ಇಷ್ಟು ಸುಧಾರಿಸಿದರೂ ಮನೆಯೊಳಗಿನ ಯಂತ್ರಗಳು ಒಂದಕ್ಕೊಂದು ಅಪರಿಚಿತವಾಗಿಯೇ ಉಳಿದಿವೆ. ಇದು ಸಣ್ಣ ಕೊರತೆಯಲ್ಲ. ನಮ್ಮ ಕಡತಗಳ ಮೇಲೆ ನಮಗೆಷ್ಟು ಹಿಡಿತವಿದೆ ಎಂಬ ಪ್ರಶ್ನೆ ಅದರೊಳಗೇ ಇದೆ.

ಹೀಗೇಕಾಯಿತು ಎಂದು ತಿಳಿಯಲು ಸ್ವಲ್ಪ ಹಿಂದಿನಿಂದ ಬರಬೇಕು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಾಗ ಅದು ಮಹಾನಗರಗಳ ಸುದ್ದಿಯಾಗಿತ್ತು. ನಮ್ಮಂಥ ಜಿಲ್ಲಾ ಕೇಂದ್ರಗಳ ಮನೆಗಳಿಗೆ ಅದು ಬಂದದ್ದು ಲ್ಯಾಂಡ್‌ಲೈನ್ ಫೋನಿನ ತಂತಿಯಲ್ಲಿ. 2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ಹುಟ್ಟಿತು. ಅದರ ಸಂಚಾರ್‌ನೆಟ್ ಖಾತೆ ಮಾಡಿಸಿಕೊಂಡವರು 172233ಕ್ಕೆ ಡಯಲ್ ಮಾಡಿ, ಮೋಡೆಮ್ ಕಿರುಗುಟ್ಟುವುದನ್ನು ಕೇಳುತ್ತಾ ಕಾಯುತ್ತಿದ್ದರು. ನೆಟ್ ಇರುವಷ್ಟು ಹೊತ್ತು ಫೋನ್ ಎಂಗೇಜ್. ಕಾಗದದ ಮೇಲಿನ 56 ಕಿಲೊಬಿಟ್ ವೇಗ ಪೂರ್ತಿ ಸಿಕ್ಕರೂ ಒಂದು ಎಂಬಿ ಚಿತ್ರ ಇಳಿಯಲು ಎರಡು ನಿಮಿಷದ ಮೇಲೆ ಬೇಕು. ಪೂರ್ತಿ ವೇಗವಂತೂ ಯಾರಿಗೂ ಸಿಗುತ್ತಿರಲಿಲ್ಲ.

ಆ ದಿನಗಳಲ್ಲಿ ನಿಜವಾದ ನೆಟ್‌ವರ್ಕ್ ಇದ್ದದ್ದು ಸೈಬರ್ ಕೆಫೆಗಳಲ್ಲಿ. ಕಾಲೇಜು ಹುಡುಗರು ಮೊದಲ ಸಲ ಕಂಪ್ಯೂಟರುಗಳು ಒಂದಕ್ಕೊಂದು ಹೆಣೆದುಕೊಂಡದ್ದನ್ನು ಕಂಡದ್ದು ಅಲ್ಲೇ. ಮೂಲೆಯಲ್ಲಿ ಮಾಲೀಕನ ಕಂಪ್ಯೂಟರು, ಮೇಜಿನಡಿ ಹಬ್, ಗೋಡೆಗುಂಟ ನೀಲಿ ವೈರು, ಪ್ಲೈವುಡ್ ಕ್ಯಾಬಿನ್‌ಗಳಲ್ಲಿ ಸಾಲು ಸಿಸ್ಟಂಗಳು. ಹೊರಗಿನ ಲೈನ್ ಒಂದೇ, ಅದೂ ಕುಂಟುವಂಥದ್ದು. ಆದರೆ ಒಳಗಿನ ನೆಟ್‌ವರ್ಕ್ ಸೆಕೆಂಡಿಗೆ 100 ಮೆಗಾಬಿಟ್‌ನದು. ಮೂರನೇ ಕ್ಯಾಬಿನ್‌ನಲ್ಲಿ ಟೈಪ್ ಮಾಡಿದ ಬಯೊಡೇಟಾ ಮಾಲೀಕನ ಪ್ರಿಂಟರ್‌ನಲ್ಲಿ ಬರುತ್ತಿತ್ತು, ಶೇರ್ ಮಾಡಿಟ್ಟ ಫೋಲ್ಡರಿನಿಂದ ಹಾಡು ಕ್ಷಣದಲ್ಲಿ ಬಂದು ಬೀಳುತ್ತಿತ್ತು, ಗೆಳೆಯರು ಎದುರು ಬದುರು ಕೂತು ಗೇಮ್ ಆಡುತ್ತಿದ್ದರು. ಒಳಗೆ ಸಮೃದ್ಧಿ, ಹೊರಗೆ ಬಡತನ. ಈಗಿನ ಮನೆಗಳದ್ದು ಇದಕ್ಕೆ ಸರಿಯಾಗಿ ತಿರುಗುಮುರುಗಾದ ಸ್ಥಿತಿ.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ತಂದಿತು. 2004ರ ನೀತಿಯ ಪ್ರಕಾರ 256 ಕಿಲೊಬಿಟ್ ಇದ್ದರೆ ಅದು ಬ್ರಾಡ್‌ಬ್ಯಾಂಡ್. ಹಳೆಯ ತಾಮ್ರದ ತಂತಿಯೇ, ಕೊನೆಯಲ್ಲಿ ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ. ಮಾತು ಒಂದು ಕಡೆ, ಡೇಟಾ ಇನ್ನೊಂದು ಕಡೆ. ನೆಟ್ ಓಡುತ್ತಿರುವಾಗಲೇ ಫೋನೂ ಬರಬಹುದೆಂಬುದು ಆಗ ದೊಡ್ಡ ಸಂಭ್ರಮ. ಕೆಲವು ಪ್ಲಾನುಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗಿನ ಬಳಕೆಗೆ ಲೆಕ್ಕವಿರಲಿಲ್ಲ, ಹಾಗಾಗಿ ಅಲಾರಾಂ ಇಟ್ಟುಕೊಂಡು ಎದ್ದು ಡೌನ್‌ಲೋಡ್ ಹಾಕಿ ಮಲಗುವ ಪೀಳಿಗೆಯೇ ಇತ್ತು. ಆ ವೇಗದಲ್ಲಿ 4 ಜಿಬಿಯ ಒಂದು ಡಿವಿಡಿ ಪೂರ್ತಿ ಇಳಿಯಲು ಮೂವತ್ತೈದು ಗಂಟೆ ಹತ್ತಿರ ಬೇಕಿತ್ತು. ಜೊತೆಗೆ ಆ ತಂತ್ರಜ್ಞಾನದ ಸ್ವಭಾವವೇ ಹಾಗೆ: ತರಿಸಿಕೊಳ್ಳುವ ವೇಗ ಹೆಚ್ಚು, ಕಳಿಸುವ ವೇಗ ಕಡಿಮೆ. ಮನೆಯ ಕಂಪ್ಯೂಟರು ಪಡೆಯಲಿಕ್ಕೆ ಮಾತ್ರ ಇರುವುದು, ಕೊಡಲಿಕ್ಕಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದ್ದು ಆಗಲೇ ಎಂದು ನನಗನಿಸುತ್ತದೆ.

ತಾಮ್ರದ ತಂತಿಗೆ ಮಲೆನಾಡಿನ ಸೆರಗಿನಲ್ಲಿ ಇನ್ನೊಂದು ಶತ್ರುವಿತ್ತು, ಸಿಡಿಲು. ಏಪ್ರಿಲ್-ಮೇ ತಿಂಗಳ ಗುಡುಗುಮಳೆಗೆ ಮೋಡೆಮ್ ಸುಟ್ಟುಹೋಗುವುದು ಸಾಮಾನ್ಯವಾಗಿತ್ತು. ಮೋಡ ಕಟ್ಟಿದರೆ ಮನೆಯವರು ಮೊದಲು ಫೋನಿನ ಜಾಕ್ ಕೀಳುತ್ತಿದ್ದರು. ಈಗಿನ ಫೈಬರ್‌ನಲ್ಲಿ ಹೋಗುವುದು ಬೆಳಕು, ಗಾಜಿನ ಎಳೆಯಲ್ಲಿ ಕರೆಂಟ್ ಹರಿಯದು. ಹಾಗೆಂದು ನಿಶ್ಚಿಂತೆಯಿಂದ ಇರಬಾರದು. ಕಂಬದಿಂದ ಮನೆಗೆ ಎಳೆಯುವ ಕೇಬಲಿನಲ್ಲಿ ಬಲಕ್ಕಾಗಿ ಉಕ್ಕಿನ ತಂತಿ ಇರುವುದುಂಟು. ಡಬ್ಬಿಯ ಅಡಾಪ್ಟರ್ ಇರುವುದು ಮೆಸ್ಕಾಂನ ಕರೆಂಟ್ ಲೈನಿನಲ್ಲೇ. ಒಂದು ಮನೆಯಿಂದ ಪಕ್ಕದ ಮನೆಗೆ ತಾರಸಿ ಮೇಲೆ ತಾಮ್ರದ ಲ್ಯಾನ್ ವೈರ್ ಎಳೆದಿದ್ದರಂತೂ ಅದು ಸಿಡಿಲಿಗೆ ಕೊಟ್ಟ ಆಹ್ವಾನ. ಗುಡುಗು ಶುರುವಾದರೆ ಅಡಾಪ್ಟರ್ ಕಿತ್ತಿಡುವ ಹಳೆಯ ಅಭ್ಯಾಸವನ್ನು ಬಿಡಬೇಡಿ.

ಮುಂದಿನ ತಿರುವು 2016ರ ಸೆಪ್ಟೆಂಬರ್ 5ರ ಜಿಯೊ. ಇಂಟರ್‌ನೆಟ್ ಮನೆಯ ಗೋಡೆ ಬಿಟ್ಟು ಜೇಬಿಗೆ ಹೋಯಿತು, ಡೆಸ್ಕ್‌ಟಾಪ್ ಮೇಲೆ ಬಟ್ಟೆ ಹೊದಿಸಿದ್ದಾಯಿತು. ಆಗ ಜನ ಫೋನಿನಿಂದ ಫೋನಿಗೆ ಸಿನಿಮಾ ದಾಟಿಸಲು ಶೇರ್‌ಇಟ್, ಝೆಂಡರ್ ಬಳಸುತ್ತಿದ್ದರು. ಅವು ಮಾಡುತ್ತಿದ್ದದ್ದೇನು? ಎರಡು ಫೋನುಗಳ ನಡುವೆ ನೇರ ವೈಫೈ ಕಟ್ಟಿ ಡೇಟಾ ಖರ್ಚಿಲ್ಲದೆ ಕಡತ ದಾಟಿಸುತ್ತಿದ್ದವು. ಅಂದರೆ ಹತ್ತಿರದ ಯಂತ್ರಗಳು ನೇರವಾಗಿ ಮಾತಾಡಬಹುದೆಂಬುದು ನಮ್ಮ ಬಸ್‌ಸ್ಟ್ಯಾಂಡಿನ ಹುಡುಗರಿಗೂ ಗೊತ್ತಿತ್ತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಚೀನೀ ಆ್ಯಪ್‌ಗಳಲ್ಲಿ ಇವೆರಡೂ ಇದ್ದವು. ಅವುಗಳ ಜೊತೆಗೆ ಆ ತಿಳಿವಳಿಕೆಯೂ ಹೋದಂತಾಯಿತು.

ಅದೇ ವರ್ಷದ ಲಾಕ್‌ಡೌನ್ ಮನೆಯ ಕಂಪ್ಯೂಟರಿಗೆ ಮತ್ತೆ ಜೀವ ಕೊಟ್ಟಿತು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಮಕ್ಕಳು ಲ್ಯಾಪ್‌ಟಾಪ್ ಸಮೇತ ಊರಿಗೆ ಬಂದರು, ಶಾಲೆಗಳು ಪರದೆಗೆ ಬಂದವು, ಬೀದಿಬೀದಿಗೆ ಫೈಬರ್ ಎಳೆಯುವ ಕೆಲಸ ಚುರುಕಾಯಿತು. ಒಂದು ಗಾಜಿನ ಎಳೆಯ ಬೆಳಕನ್ನು ಬೀದಿಯ ಸ್ಪ್ಲಿಟರ್ 32 ಅಥವಾ 64 ಮನೆಗಳಿಗೆ ಒಡೆದು ಹಂಚುತ್ತದೆ. ಆ ಎಳೆಯಲ್ಲಿ ಬರುವ ದಿಕ್ಕಿಗೆ ಸುಮಾರು ಎರಡೂವರೆ ಗಿಗಾಬಿಟ್, ಹೋಗುವ ದಿಕ್ಕಿಗೆ ಅದರರ್ಧ. ಮನೆಯ ಡಬ್ಬಿಯ ಹೆಸರು ಓಎನ್‌ಟಿ. ಅದರ ಎಲ್‌ಓಎಸ್ ದೀಪ ಕೆಂಪಗಾದರೆ ಬೆಳಕು ಬರುತ್ತಿಲ್ಲವೆಂದು ಅರ್ಥ. ಎಲ್ಲೋ ಮರದ ಕೊಂಬೆ ಬಿದ್ದಿರುತ್ತದೆ, ಇಲ್ಲವೇ ಜೆಸಿಬಿ ಅಗೆದಿರುತ್ತದೆ. ಕರೆಂಟ್ ಹೋದಾಗಲೂ ನೆಟ್ ಬೇಕೆನ್ನುವವರಿಗೆ ಒಂದು ಮಾತು: ಈ ಡಬ್ಬಿಗಳು ಹೆಚ್ಚಾಗಿ 12 ವೋಲ್ಟಿನಲ್ಲಿ ಓಡುತ್ತವೆ, ಅಂಗೈ ಅಗಲದ ಮಿನಿ ಯುಪಿಎಸ್ ಸಾಕು.

ಹೊರಗಿನ ವೃತ್ತಾಂತ ಇಲ್ಲಿಗೆ ಸಾಕು. ಈಗ ಒಳಗೆ ಬರೋಣ. ಓಎನ್‌ಟಿ ಮನೆಯ ಪ್ರತಿ ಯಂತ್ರಕ್ಕೂ 192.168.1.5, 192.168.1.6 ಎಂಬಂಥ ಮನೆಯೊಳಗಿನ ವಿಳಾಸ ಹಂಚುತ್ತದೆ. ಒಂದೇ ಡಬ್ಬಿಯಡಿ ಇರುವ ಯಂತ್ರಗಳು ಇಂಟರ್‌ನೆಟ್ ಕಡಿದಿದ್ದರೂ ಪರಸ್ಪರ ಮಾತಾಡಬಲ್ಲವು. ಇದನ್ನು ಹೇಳಿದರೆ ಎಷ್ಟೋ ಜನ ನಂಬುವುದಿಲ್ಲ. ನೆಟ್ ರೀಚಾರ್ಜ್ ಮುಗಿದ ದಿನವೂ ಮೇಲಿನ ಕೋಣೆಯಿಂದ ಕೆಳಗಿನ ಪ್ರಿಂಟರಿಗೆ ಪುಟ ಕಳಿಸಬಹುದು, ಅಪ್ಪನ ಕಂಪ್ಯೂಟರಿನಲ್ಲಿರುವ ಯಕ್ಷಗಾನವನ್ನು ಟಿವಿಯಲ್ಲಿ ನೋಡಬಹುದು.

ಆದರೂ ಹೆಚ್ಚಿನ ಮನೆಗಳಲ್ಲಿ ಅದು ಆಗುವುದಿಲ್ಲ. ಕಾರಣ ಬಹಳ ಸಲ ಎರಡನೇ ರೂಟರ್. ಮಹಡಿಗೆ ಸಿಗ್ನಲ್ ಸಾಲದೆಂದು ಓಎನ್‌ಟಿಯಿಂದ ವೈರ್ ಎಳೆದು ಮೇಲೆ ಇನ್ನೊಂದು ರೂಟರ್ ಇಡುತ್ತಾರೆ, ಬಂದ ವೈರನ್ನು ಅದರ ವ್ಯಾನ್ (ಹೊರಗಿನ ಸಂಪರ್ಕದ) ಕಿಂಡಿಗೆ ಚುಚ್ಚುತ್ತಾರೆ. ನೆಟ್ ಬರುತ್ತದೆ, ಎಲ್ಲರಿಗೂ ಖುಷಿ. ಆದರೆ ಆ ಗಳಿಗೆಯಿಂದ ಮನೆ ಎರಡಾಗಿರುತ್ತದೆ. ಕೆಳಗಿನವರ ವಿಳಾಸ 192.168.1ರಲ್ಲಿ, ಮೇಲಿನವರದು 192.168.0ರಲ್ಲಿ. ಕೆಳಗಿನ ಕಂಪ್ಯೂಟರಿಗೆ ಮೇಲಿನ ಲ್ಯಾಪ್‌ಟಾಪ್ ಕಾಣುವುದೇ ಇಲ್ಲ. ಪರಿಹಾರ ಸುಲಭ, ಖರ್ಚೂ ಇಲ್ಲ: ಮೇಲಿನ ರೂಟರಿನ ಸೆಟ್ಟಿಂಗ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಆರಿಸಬೇಕು. ಆ ಆಯ್ಕೆ ಇಲ್ಲದ ಹಳೆಯ ರೂಟರಾದರೆ ಅದರ ವಿಳಾಸವನ್ನು ಕೆಳಗಿನ ಸರಣಿಯಲ್ಲೇ ಯಾರಿಗೂ ಕೊಡದ ಒಂದು ಸಂಖ್ಯೆಗೆ ಬದಲಿಸಿ, ವಿಳಾಸ ಹಂಚುವ ಡಿಎಚ್‌ಸಿಪಿ ನಿಲ್ಲಿಸಿ, ವೈರನ್ನು ವ್ಯಾನ್ ಬಿಟ್ಟು ಲ್ಯಾನ್ ಕಿಂಡಿಗೆ ಹಾಕಬೇಕು. ಹಾಕಿಕೊಡಲು ಬರುವ ಹುಡುಗನಿಗೆ ಇದು ಐದು ನಿಮಿಷದ ಕೆಲಸ. ಕೇಳುವವರಿಲ್ಲದ್ದರಿಂದ ಅವನು ಮಾಡುವುದಿಲ್ಲ, ಅಷ್ಟೇ.

ವೈರ್ ಬಗ್ಗೆಯೂ ಹೇಳಬೇಕು. ವೈಫೈ ಬಂದ ಮೇಲೆ ವೈರ್ ಹಳೆಯ ಕಾಲದ್ದು ಎಂಬ ಭಾವನೆ ಇದೆ. ಅದು ತಪ್ಪು. ನಮ್ಮ ಕಡೆಯ ಹಳೆಯ ಮನೆಗಳ ದಪ್ಪ ಗೋಡೆ, ಹೊಸ ಮನೆಗಳ ಆರ್‌ಸಿಸಿ ಚಪ್ಪಡಿ ಎರಡೂ ವೈಫೈಯನ್ನು ಹೀರಿಕೊಳ್ಳುತ್ತವೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಆದರೆ ನಿಧಾನ. 5 ಗಿಗಾಹರ್ಟ್ಸ್ ವೇಗ, ಆದರೆ ಒಂದು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಗಿಗಾಬಿಟ್ ವೈರಿನಲ್ಲಿ 64 ಜಿಬಿಯ ಮದುವೆ ವಿಡಿಯೊ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸುಮಾರು ಹತ್ತು ನಿಮಿಷದಲ್ಲಿ ಹೋಗುತ್ತದೆ. ವೈರಿನ ತುದಿಗೆ ಜಾಕ್ ಕೂರಿಸುವ ಕ್ರಿಂಪಿಂಗ್ ಕೂಡ ಮನೆಯಲ್ಲೇ ಕಲಿಯಬಹುದಾದ ಕೈಕೆಲಸ. ಸಿಪ್ಪೆ ಬಿಡಿಸಿದರೆ ಎಂಟು ಎಳೆ. ಜಾಕಿನ ಕ್ಲಿಪ್ ಕೆಳಮುಖವಾಗಿ ಹಿಡಿದು ಎಡದಿಂದ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ನಾಲ್ಕೇ ಎಳೆ ಸರಿಯಾಗಿ ಕೂತರೂ ನೆಟ್ ಬರುತ್ತದೆ, ಆದರೆ ವೇಗ 100ಕ್ಕೆ ನಿಂತುಬಿಡುತ್ತದೆ. ಗಿಗಾಬಿಟ್‌ಗೆ ಎಂಟೂ ಬೇಕು. ನಿಮ್ಮ ಮನೆಯ ವೇಗ ತೊಂಬತ್ತರ ಆಸುಪಾಸಿನಲ್ಲಿ ಅಂಟಿಕೊಂಡಿದ್ದರೆ ಕಂಪನಿಗೆ ಬೈಯುವ ಮೊದಲು ಜಾಕ್ ನೋಡಿ.

ಇನ್ನು ಕಡತ ಹಂಚಿಕೆ. ವಿಂಡೋಸ್‌ನಲ್ಲಿ ಫೋಲ್ಡರ್ ಶೇರ್ ಮಾಡುವ ಸೌಲಭ್ಯ 1990ರ ದಶಕದಿಂದಲೂ ಇದೆ. 2009ರ ವಿಂಡೋಸ್ 7ರಲ್ಲಿ ಅದನ್ನು ಇನ್ನೂ ಸರಳಗೊಳಿಸಲು ಹೋಮ್‌ಗ್ರೂಪ್ ಎಂಬುದು ಬಂತು, 2018ರಲ್ಲಿ ವಿಂಡೋಸ್ 10ರಿಂದ ಅದನ್ನು ತೆಗೆದೂ ಹಾಕಿದರು. ಈಗ ಉಳಿದಿರುವುದು ಮೂಲ ವಿಧಾನ: ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್. ಆಮೇಲೆ ಇನ್ನೊಂದು ಕಂಪ್ಯೂಟರಿನಲ್ಲಿ ಎರಡು ಬ್ಯಾಕ್‌ಸ್ಲಾಶ್ ಹಾಕಿ ಮೊದಲನೆಯದರ ವಿಳಾಸ ಬರೆಯುವುದು. ಹೇಳಲು ಇಷ್ಟೇ. ಮಾಡಲು ಹೋದವರಲ್ಲಿ ಬಹಳಷ್ಟು ಮಂದಿ ಎರಡು ಕಡೆ ಮುಗ್ಗರಿಸುತ್ತಾರೆ. ಮೊದಲನೆಯದು, ಮನೆಯ ವೈಫೈಯನ್ನು ವಿಂಡೋಸ್ ‘ಪಬ್ಲಿಕ್’ ಎಂದು ಗುರುತಿಸಿಕೊಂಡಿರುತ್ತದೆ. ಆಗ ಫೈರ್‌ವಾಲ್ ಬಾಗಿಲು ಮುಚ್ಚಿರುತ್ತದೆ, ಅದನ್ನು ‘ಪ್ರೈವೇಟ್’ ಮಾಡಬೇಕು. ಎರಡನೆಯದು ಪಾಸ್‌ವರ್ಡ್. ಕಂಪ್ಯೂಟರಿಗೆ ಪಾಸ್‌ವರ್ಡೇ ಇಡದಿದ್ದರೆ ನೆಟ್‌ವರ್ಕಿನಿಂದ ಬರುವವರನ್ನು ವಿಂಡೋಸ್ ಒಳಗೆ ಬಿಡುವುದಿಲ್ಲ. ದಿನಾ ಹಾಕುವ ನಾಲ್ಕಂಕಿಯ ಪಿನ್ ಇಲ್ಲಿ ನಡೆಯದು, ಅದು ಆ ಒಂದು ಯಂತ್ರದ ಮುಂದೆ ಕೂತವರಿಗಷ್ಟೇ. ಪಿನ್ ಹಾಕಿ ಹಾಕಿ ಸೋತು ‘ಈ ಶೇರಿಂಗ್ ಕೆಲಸ ಮಾಡೋದಿಲ್ಲ ಕಣ್ರೀ’ ಎಂದು ಕೈಬಿಟ್ಟವರು ಎಷ್ಟೋ ಮಂದಿ. ಹಂಚಿಕೆಗೆಂದೇ ಒಂದು ಬೇರೆ ಲೋಕಲ್ ಖಾತೆ ತೆರೆದು, ಅದಕ್ಕೊಂದು ಗಟ್ಟಿ ಪಾಸ್‌ವರ್ಡ್ ಕೊಟ್ಟರೆ ಈ ತಲೆನೋವು ಅಲ್ಲಿಗೆ ಮುಗಿಯುತ್ತದೆ.

ಯೂಟ್ಯೂಬ್‌ನಲ್ಲಿ ಸಿಗುವ ಇನ್ನೊಂದು ‘ಪರಿಹಾರ’ದಿಂದ ದೂರವಿರಿ. ಹಳೆಯ ಯಂತ್ರ ಕಾಣದಿದ್ದರೆ ಕಡತ ಹಂಚಿಕೆಯ ಎಸ್‌ಎಂಬಿ 1 ಎಂಬ ಹಳೆಯ ಆವೃತ್ತಿಯನ್ನು ಚಾಲೂ ಮಾಡಿ ಎಂದು ಅಲ್ಲಿ ಹೇಳಿಕೊಡುತ್ತಾರೆ. 2017ರ ಮೇ 12ರಂದು ಜಗತ್ತಿನಾದ್ಯಂತ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿದ ವಾನ್ನಾಕ್ರೈ ಹರಡಿದ್ದು ಇದೇ ಎಸ್‌ಎಂಬಿ 1ರ ಬಿರುಕಿನಿಂದ. ಮೈಕ್ರೋಸಾಫ್ಟ್ ಅದಕ್ಕೆ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು, ಅಪ್‌ಡೇಟ್ ಹಾಕದವರು ಸಿಕ್ಕಿಬಿದ್ದರು. ಡಿಟಿಪಿ ಅಂಗಡಿಗಳಲ್ಲಿ ಹಳೆಯ ಪ್ರಿಂಟರಿಗಾಗಿ ಉಳಿಸಿಕೊಂಡ ವಿಂಡೋಸ್ ಎಕ್ಸ್‌ಪಿ ಯಂತ್ರವನ್ನು ಇಂಟರ್‌ನೆಟ್ಟಿಗೆ ಕೂಡಿಸದೆ ಬೇರೆಯಾಗಿಡುವುದು ಕ್ಷೇಮ. ಮನೆಯಲ್ಲೂ ‘ಎವ್ರಿವನ್’ಗೆ ಬರೆಯುವ ಅಧಿಕಾರ ಕೊಡಬೇಡಿ. ಒಂದು ಯಂತ್ರಕ್ಕೆ ತಗುಲಿದ್ದು ಶೇರ್ ಆದ ಫೋಲ್ಡರಿಗೂ ತಗಲುತ್ತದೆ.

ಫೋನ್ ಮತ್ತು ಕಂಪ್ಯೂಟರ್ ನಡುವೆ ಆಗಾಗ ಒಂದೆರಡು ಕಡತ ದಾಟಿಸುವವರಿಗೆ ಇಷ್ಟೆಲ್ಲ ಬೇಕಿಲ್ಲ. ಕ್ವಿಕ್ ಶೇರ್ ಇದೆ. ಆಂಡ್ರಾಯ್ಡ್, ಐಫೋನ್, ವಿಂಡೋಸ್, ಲಿನಕ್ಸ್ ಎಲ್ಲದರಲ್ಲೂ ಓಡುವ, ಮುಕ್ತ ತಂತ್ರಾಂಶವಾದ ಲೋಕಲ್‌ಸೆಂಡ್ ಇದೆ. ಒಂದೇ ವೈಫೈಯಲ್ಲಿದ್ದರೆ ಸಾಕು, ಖಾತೆ ತೆರೆಯಬೇಕಿಲ್ಲ, ಡೇಟಾ ಹೊರಗೆ ಹೋಗುವುದಿಲ್ಲ. ನನ್ನ ಮಟ್ಟಿಗೆ ಪೆನ್‌ಡ್ರೈವಿಗೆ ಇದೇ ಸರಿಯಾದ ಉತ್ತರ.

ಕನ್ನಡಿಗರನ್ನು ಕಾಡುವ ಒಂದು ತೊಡಕನ್ನು ಇಲ್ಲಿ ಬಿಡುವಂತಿಲ್ಲ. ಕಡತ ತಲುಪುತ್ತದೆ, ಅಕ್ಷರ ತಲುಪುವುದಿಲ್ಲ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳಲ್ಲಿ ಕೂಡಿಸಿದ ಲಗ್ನಪತ್ರಿಕೆಯನ್ನೋ ಸಂಘದ ವರದಿಯನ್ನೋ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಕನ್ನಡ 1991ರ ಮೊದಲ ಆವೃತ್ತಿಯಿಂದಲೂ ಯೂನಿಕೋಡ್‌ನಲ್ಲಿದೆ. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆ ನಮ್ಮ ಹೊಳೆಯದೇ ಹೆಸರಿನ ‘ತುಂಗಾ’ ಫಾಂಟ್ ಬಂತು. ಆದರೂ ಮುದ್ರಣದ ಅಂಗಡಿಗಳು ಬಹಳ ಕಾಲ ಹಳೆಯ ಫಾಂಟ್‌ಗಳಲ್ಲೇ ಉಳಿದವು, ಅವುಗಳಲ್ಲಿ ಕೂಡಿಸಿದ ಕಡತಗಳು ಇನ್ನೂ ಮನೆಮನೆಯ ಡಿಸ್ಕ್‌ಗಳಲ್ಲಿವೆ. ಅಜ್ಜನ ಲೇಖನಗಳೋ ಅಮ್ಮನ ಹಾಡಿನ ಪಟ್ಟಿಯೋ ಅಂಥ ಕಡತದಲ್ಲಿದ್ದರೆ ಈಗಲೇ ಯೂನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಅಲ್ಲಲ್ಲಿ ತಪ್ಪು ಉಳಿಯುವುದರಿಂದ ಒಮ್ಮೆ ಓದಿ ತಿದ್ದಬೇಕು. ಅಚ್ಚಿಗೆ ಕಳಿಸುವುದಾದರೆ ಫಾಂಟ್ ಒಳಗೊಂಡ ಪಿಡಿಎಫ್ ಕಳಿಸಿ.

ಇಷ್ಟೆಲ್ಲ ಯಾಕೆ, ಗೂಗಲ್ ಇದೆಯಲ್ಲ ಎನ್ನುವವರಿದ್ದಾರೆ. ಅನುಕೂಲ ಹೌದು, ನಾನೂ ಬಳಸುತ್ತೇನೆ. ಆದರೆ ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಜಾಗ ನಿಲ್ಲಿಸಿತು. ಮೇಲ್, ಡ್ರೈವ್, ಫೋಟೊ ಎಲ್ಲಕ್ಕೂ ಸೇರಿ 15 ಜಿಬಿ. ಈಗಿನ ಫೋನಿನಲ್ಲಿ ಅದು ಬೇಗ ತುಂಬುತ್ತದೆ. ತುಂಬಿದ ಮೇಲೆ ಮೇಲ್ ಬರುವುದೂ ನಿಲ್ಲುತ್ತದೆ. ದೊಡ್ಡ ಕಡತ ಕಳಿಸಲು ಬಳಸುತ್ತಿದ್ದ ವಿಟ್ರಾನ್ಸ್‌ಫರ್ ತಾಣವನ್ನು 2020ರ ಮೇ ತಿಂಗಳಲ್ಲಿ ನಮ್ಮ ದೇಶದಲ್ಲಿ ತಡೆಹಿಡಿಯಲಾಯಿತು, ಅದನ್ನೇ ನೆಚ್ಚಿಕೊಂಡ ಸ್ಟುಡಿಯೊದವರು ರಾತ್ರೋರಾತ್ರಿ ಬೇರೆ ದಾರಿ ಹುಡುಕಬೇಕಾಯಿತು. ಕ್ಲೌಡ್‌ನಲ್ಲಿ ಒಂದು ಪ್ರತಿ ಇರಲಿ, ಅದೊಂದೇ ಪ್ರತಿಯಾಗಬಾರದು. ಮನೆಯ ಹಳೆಯ ಕಂಪ್ಯೂಟರಿಗೆ ಹೊಸ ಡಿಸ್ಕ್ ಹಾಕಿ ಮನೆಮಂದಿಗೆಲ್ಲ ಹಂಚಿಕೆಯಾಗುವ ಉಗ್ರಾಣ ಮಾಡಿಕೊಳ್ಳಬಹುದು. ಇಡುವ ಜಾಗ ಮಾತ್ರ ಯೋಚಿಸಿ. 2019ರ ಆಗಸ್ಟ್‌ನಲ್ಲಿ ತುಂಗೆ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದ್ದಳು. ನೆಲದ ಮೇಲಿಟ್ಟ ಸಿಪಿಯುಗೆ ಅಂಥ ನೀರಿನಲ್ಲಿ ಉಳಿಗಾಲವಿಲ್ಲ.

ಅದಕ್ಕೇ ಇನ್ನೊಂದು ಪ್ರತಿ ಬೇರೆ ಊರಿನಲ್ಲಿರಬೇಕು. ಭದ್ರಾವತಿಯಲ್ಲಿ ಅಪ್ಪ-ಅಮ್ಮ, ಶಿವಮೊಗ್ಗದಲ್ಲಿ ಮಗನೋ ಮಗಳೋ ಇರುವ ಕುಟುಂಬಗಳು ನೂರಾರು. ಎರಡೂ ಮನೆಯಲ್ಲಿ ಫೈಬರ್ ಇದೆ, ನಡುವೆ ಇಪ್ಪತ್ತು ಕಿಲೋಮೀಟರ್ ಮಾತ್ರ. ಆದರೂ ಒಂದು ಮನೆಯ ಕಂಪ್ಯೂಟರಿಗೆ ಇನ್ನೊಂದರಿಂದ ನೇರವಾಗಿ ಹೋಗಲಾಗದು. ಹಳೆಯ ಮಾದರಿಯ ಇಂಟರ್‌ನೆಟ್ ವಿಳಾಸಗಳ ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೇ ಮುಗಿದಿದ್ದರಿಂದ ಸೇವೆ ಕೊಡುವವರು ಒಂದೇ ವಿಳಾಸದ ಹಿಂದೆ ಬಹಳಷ್ಟು ಮನೆಗಳನ್ನು ಕೂರಿಸಿರುತ್ತಾರೆ. ರೂಟರಿನ ಪುಟದಲ್ಲಿ ವ್ಯಾನ್ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ನೀವೂ ಆ ಸಾಲಿನಲ್ಲಿದ್ದೀರಿ. ಹೊರಗಿನಿಂದ ನಿಮ್ಮ ಬಾಗಿಲು ತಟ್ಟಲು ಯಾರಿಗೂ ದಾರಿಯಿಲ್ಲ. ಇದಕ್ಕೆ ಪರಿಹಾರ ಎರಡಿವೆ. ಸೇವೆ ಕೊಡುವವರು ಹೊಸ ಮಾದರಿಯ ವಿಳಾಸವಾದ ಐಪಿವಿ6 ಕೊಡುತ್ತಿದ್ದರೆ ರೂಟರಿನಲ್ಲಿ ಅದನ್ನು ಚಾಲೂ ಮಾಡಿಸಿಕೊಳ್ಳುವುದು ಒಂದು. ಅದರಲ್ಲಿ ಪ್ರತಿ ಯಂತ್ರಕ್ಕೂ ಸ್ವಂತ ವಿಳಾಸ ಸಿಗುತ್ತದೆ. ಸಿಂಕ್‌ಥಿಂಗ್ ಅಥವಾ ಟೇಲ್‌ಸ್ಕೇಲ್ ಎಂಬ ತಂತ್ರಾಂಶ ಬಳಸುವುದು ಇನ್ನೊಂದು. ಎರಡೂ ಕಡೆಯ ಯಂತ್ರಗಳು ಒಳಗಿನಿಂದಲೇ ಹೊರಗೆ ಕೈಚಾಚಿ ನಡುದಾರಿಯಲ್ಲಿ ಭೇಟಿಯಾಗುವಂತೆ ಇವು ಮಾಡುತ್ತವೆ, ಸಾಗುವ ಕಡತ ಬೀಗ ಹಾಕಿಕೊಂಡೇ ಸಾಗುತ್ತದೆ. ಸಿಂಕ್‌ಥಿಂಗ್ ಹಾಕಿದ ಫೋಲ್ಡರಿಗೆ ಭದ್ರಾವತಿಯಲ್ಲಿ ಒಂದು ಫೋಟೊ ಬಿದ್ದರೆ ಸ್ವಲ್ಪ ಹೊತ್ತಿಗೆ ಶಿವಮೊಗ್ಗದಲ್ಲೂ ಇರುತ್ತದೆ. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯುತ್ತದೆ ಎಂಬುದು ನೆನಪಿರಲಿ. ಹಳೆಯ ಪ್ರತಿ ಉಳಿಸುವ ಆಯ್ಕೆ ಅದರಲ್ಲೇ ಇದೆ, ಹಾಕಿಕೊಳ್ಳಬೇಕು. ಮೊದಲ ಸಲದ ದೊಡ್ಡ ಗಂಟನ್ನು ಮಾತ್ರ ಡಿಸ್ಕಿನಲ್ಲಿ ತುಂಬಿ ಬಸ್ಸಿನಲ್ಲಿ ಒಯ್ಯುವುದೇ ಲೇಸು. 40 ಮೆಗಾಬಿಟ್ ಪ್ಲಾನಿನಲ್ಲಿ 64 ಜಿಬಿ ದಾಟಲು ಮೂರೂವರೆ ಗಂಟೆ ಬೇಕು, ಬಿ.ಎಚ್. ರಸ್ತೆಯ ಬಸ್ಸಿಗೆ ಅಷ್ಟು ಹೊತ್ತು ಬೇಡ.

ಎರಡೂ ಊರುಗಳ ಅಂಚಿನಲ್ಲಿ ಹೊಸ ಬಡಾವಣೆಗಳು ಏಳುತ್ತಿವೆ. ಅಲ್ಲಿ ಮನೆ ಕಟ್ಟಿಸುವವರಿಗೆ ಕೊನೆಯದಾಗಿ ಒಂದು ಕೋರಿಕೆ. ಎಲೆಕ್ಟ್ರಿಷಿಯನ್ ಗೋಡೆ ಕೊರೆದು ಪೈಪ್ ಹಾಕುವಾಗ ಟಿವಿ ಕೇಬಲಿಗೆ ಜಾಗ ಬಿಡುತ್ತಾನೆ, ಲ್ಯಾನ್‌ಗೆ ಬಿಡುವುದಿಲ್ಲ. ಹಾಲ್‌ನಿಂದ ಪ್ರತಿ ಕೋಣೆಗೂ, ಮಹಡಿಗೂ ಒಂದೊಂದು ಬೇರೆ ಪೈಪ್ ಹಾಕಿಸಿ. ಕರೆಂಟಿನ ವೈರ್ ಇರುವ ಪೈಪಿನಲ್ಲೇ ಲ್ಯಾನ್ ತೂರಿಸಲು ಬಿಡಬೇಡಿ. ಪೂರ್ತಿ ತಾಮ್ರದ ಕ್ಯಾಟ್ 6 ವೈರನ್ನೇ ಕೇಳಿ ತನ್ನಿ. ಅಗ್ಗಕ್ಕೆ ಸಿಗುವ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರ್ ಬೇಡ. ಕೆಲಸ ಮುಗಿದ ಮೇಲೆ ಪ್ರತಿ ಪೈಪಿನಲ್ಲೂ ಒಂದು ನೈಲಾನ್ ದಾರ ಬಿಟ್ಟಿರಲು ಹೇಳಿ, ಮುಂದೆ ಫೈಬರನ್ನೇ ಕೋಣೆಗೆ ಎಳೆಯಬೇಕಾಗಿ ಬಂದಾಗ ಗೋಡೆ ಒಡೆಯುವುದು ತಪ್ಪುತ್ತದೆ.